ಅತ್ತೆಯ ದಾವೆ, ನನ್ನ ಎರಡನೇ ಓದು

ನಾನು ಕಾನೂನು ಓದುವುದಕ್ಕೆ ಕಾರಣ ನಮ್ಮ ಅತ್ತೆಯ ಬಿ.ಪಿ. ಅದೊಂದು ಏರದೆ ಇದ್ದಿದ್ದರೆ ಅವರು ಎಂದಿನಂತೆ ಒಬ್ಬರೇ ಬಸ್ಸು ಹತ್ತಿ ಜಗಳೂರಿನ ಕೋರ್ಟಿಗೆ ಹೋಗಿ ಬರುತ್ತಿದ್ದರು. ನಾನು ನ್ಯಾಮತಿಯಲ್ಲಿ ನನ್ನ ಪಾಡಿಗೆ ನೆಗಡಿ, ಜ್ವರ, ಮಂಡಿನೋವು ನೋಡಿಕೊಂಡು ಇದ್ದುಬಿಡುತ್ತಿದ್ದೆ.

ನಮ್ಮ ಮನೆ ಹೊನ್ನಾಳಿಯಲ್ಲಿ. ನನ್ನ ಗಂಡ ಅಲ್ಲೇ ಪಿಯು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕರು. ನಾನು ಎಂ.ಬಿ.ಬಿ.ಎಸ್. ಮುಗಿಸಿ ಮದುವೆಯಾದ ಮೇಲೆ ನ್ಯಾಮತಿಯಲ್ಲಿ ಬಾಡಿಗೆಗೆ ಎರಡು ಕೋಣೆ ಹಿಡಿದು ಕ್ಲಿನಿಕ್ ಶುರು ಮಾಡಿದೆ. ಬೆಳಿಗ್ಗೆ ಹೋಗುವುದು, ಮಧ್ಯಾಹ್ನ ಡಬ್ಬಿ ಊಟ, ಸಂಜೆ ವಾಪಸ್ಸು. ಹೀಗೆ ಇಪ್ಪತ್ತು ವರ್ಷ ಹೋಗಿದ್ದು ಗೊತ್ತೇ ಆಗಿರಲಿಲ್ಲ. ಬೇಸರವೇನೂ ಇರಲಿಲ್ಲ. ಆದರೆ ಆ ಇಪ್ಪತ್ತು ವರ್ಷದಲ್ಲಿ ನನ್ನ ಮಾತಿಗೆ ಎದುರು ಹೇಳಿದವರು ಒಬ್ಬರೂ ಇರಲಿಲ್ಲ. ‘ದಿನಕ್ಕೆರಡು ಮಾತ್ರೆ’ ಎಂದರೆ ‘ಹೂಂ ಮೇಡಂ’, ‘ಉಪ್ಪು ಕಡಿಮೆ ಮಾಡಿ’ ಎಂದರೆ ‘ಹೂಂ ಮೇಡಂ’. ಮನೆಗೆ ಹೋಗಿ ಯಾರೂ ಉಪ್ಪು ಕಡಿಮೆ ಮಾಡುತ್ತಿರಲಿಲ್ಲ, ಅದು ಬೇರೆ ಮಾತು.

ಅತ್ತೆಯ ತವರು ಜಗಳೂರಿನ ಹತ್ತಿರದ ಒಂದು ಹಳ್ಳಿ. ಅವರ ಮದುವೆಯಲ್ಲಿ ಅವರ ಅಪ್ಪ ಊರ ಹೊರಗಿನ ಸಣ್ಣ ಹುಣಸೆ ತೋಪನ್ನು ಮಗಳ ಅರಿಶಿನ ಕುಂಕುಮಕ್ಕೆಂದು ಕೊಟ್ಟರಂತೆ. ಎಲ್ಲ ಬಾಯಿಮಾತು, ಕಾಗದ ಪತ್ರ ಏನೂ ಆಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅತ್ತೆಯ ತಮ್ಮ, ‘ಅಕ್ಕನಿಗೆ ಕೊಟ್ಟಿದ್ದು ಹಣ್ಣು, ನೆಲ ಅಲ್ಲ’ ಎಂದರು. ಅತ್ತೆ, ‘ನೆಲ ಬಿಟ್ಟು ಮರ ಗಾಳಿಯಾಗೆ ನಿಂತಿರ್ತಾವೇನು?’ ಎಂದರು. ಅಲ್ಲಿಂದ ದಾವೆ ಶುರುವಾಯಿತು. ಒಮ್ಮೆ ಮೇಲಿನ ಕೋರ್ಟಿಗೆ ಹೋಗಿ, ಮತ್ತೆ ಮೊದಲಿನಿಂದ ನೋಡಿ ಅಂತ ಕೆಳಗಿನ ಕೋರ್ಟಿಗೇ ವಾಪಸ್ಸು ಬಂತು. ನಾನು ಸೊಸೆಯಾಗಿ ಬಂದಾಗಲೇ ಅದು ಮನೆಯ ಹಿರಿಯ ಸದಸ್ಯನಂತೆ ಆಗಿಬಿಟ್ಟಿತ್ತು. ನಮ್ಮ ಕ್ಯಾಲೆಂಡರಿನಲ್ಲಿ ಹಬ್ಬಗಳ ಜೊತೆಗೆ ಅತ್ತೆಯ ವಾಯಿದೆಗೂ ಒಂದು ಸುತ್ತು ಎಳೆದಿರುತ್ತಿತ್ತು.

ಒಂದು ದಿನ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಅವರಿಗೆ ತಲೆ ಸುತ್ತು ಬಂತು. ಇನ್ನು ಮೇಲೆ ಒಬ್ಬರನ್ನೇ ಕಳಿಸುವುದಿಲ್ಲ ಎಂದು ನಾನು ಹಟ ಹಿಡಿದೆ. ಗಂಡನಿಗೆ ಕಾಲೇಜಿನ ರಜೆ ಸಿಗುವುದಿಲ್ಲ. ಹಾಗಾಗಿ ವಾಯಿದೆಯ ದಿನ ಕ್ಲಿನಿಕ್ ಮುಚ್ಚಿ ನಾನೇ ಹೊರಟೆ.

ಅತ್ತೆ ಬುತ್ತಿ ಕಟ್ಟುವುದನ್ನು ಅವತ್ತೇ ನಾನು ಸರಿಯಾಗಿ ನೋಡಿದ್ದು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಎರಡು ಗಂಟು. ಒಂದು ಅವರದು, ಒಂದು ನನ್ನದು ಅಂದುಕೊಂಡೆ. ಜಗಳೂರಿನ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಟವೆಲ್ ಹಾಸಿಕೊಂಡು ಒಬ್ಬ ಹಿರಿಯರು ಕೂತಿದ್ದರು. ಅತ್ತೆ ನೇರ ಹೋಗಿ ಅವರ ಪಕ್ಕ ಕೂತು, ಒಂದು ಗಂಟು ಅವರ ಮಡಿಲಿಗೆ ಇಟ್ಟರು.

‘ಉಣ್ಣು. ಮುಖ ನೋಡು, ಹೆಂಗ್ ಬಾಡಿ ಹೋಗೈತೆ.’

‘ಎಣ್ಣೆಗಾಯಿಗೆ ಹುಣಸೆ ಜಾಸ್ತಿ ಹಾಕಿದೀಯೇನಕ್ಕ?’

‘ನನ್ನ ತೋಪಿಂದು. ಯಾಕೆ ಹಾಕಬಾರ್ದು?’

‘ನಮ್ಮ ತೋಪಿಂದು ಅನ್ನು, ಒಪ್ಕೋತೀನಿ. ನನ್ನ ತೋಪು ಅನ್ಬೇಡ.’

ಅವರೇ ಅತ್ತೆಯ ತಮ್ಮ, ಅಂದರೆ ಪ್ರತಿವಾದಿ. ಗಂಡನಿಗೆ ಸೋದರಮಾವ, ಹಾಗಾಗಿ ನನಗೂ ಮಾವ. ಹೆಸರು ಕೂಗಿದ ಕೂಡಲೇ ಇಬ್ಬರೂ ಕೈ ತೊಳೆದುಕೊಂಡು ಒಳಗೆ ಹೋದರು. ಅಲ್ಲಿ ಅತ್ತೆ ಒಬ್ಬ ವಕೀಲರ ಹಿಂದೆ, ಮಾವ ಇನ್ನೊಬ್ಬ ವಕೀಲರ ಹಿಂದೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮುಂದಿನ ವಾಯಿದೆ ಸಿಕ್ಕಿತು. ಹೊರಗೆ ಬಂದು ಮತ್ತೆ ಮರದ ಕೆಳಗೆ ಕೂತು ಉಳಿದ ರೊಟ್ಟಿ ಮುಗಿಸಿದರು.

ಮುಂದಿನ ಸಲ ನಾನು ಬಿ.ಪಿ. ನೋಡುವ ಯಂತ್ರ ಒಯ್ದೆ. ವರಾಂಡದ ಬೆಂಚಿನ ಮೇಲೆ ಅತ್ತೆಗೆ ನೋಡಿದೆ, ಮಾವನಿಗೆ ನೋಡಿದೆ. ಪಕ್ಕದಲ್ಲಿದ್ದವರು, ‘ನಮಗೂ ಒಂದು ನೋಡ್ರೀ ಮೇಡಂ’ ಎಂದರು. ಕಟ್ಟೆಯ ಮೇಲೆ ಕೂತಿದ್ದವರೆಲ್ಲ ತೋಳು ಮಡಚಿಕೊಂಡು ಬಂದರು. ಕೊನೆಗೆ ಒಬ್ಬ ವಕೀಲರೂ ಕರಿ ಕೋಟು ಬಿಚ್ಚಿ ಕೈ ಚಾಚಿದರು. ಆಮೇಲಾಮೇಲೆ ನಾನು ಬರುವ ವಾಯಿದೆ ಯಾವುದು ಅಂತ ಕೇಳಿ ಬರುವವರೂ ಹುಟ್ಟಿಕೊಂಡರು. ನಾನು ಅವರ ಬಿ.ಪಿ. ನೋಡುತ್ತಿದ್ದೆ, ಅವರು ತಮ್ಮ ತಮ್ಮ ಕೇಸು ಹೇಳುತ್ತಿದ್ದರು. ದಾರಿಯ ಜಗಳ, ಬದುವಿನ ಜಗಳ, ಬಿಟ್ಟುಹೋದ ಗಂಡ, ಕೊಟ್ಟು ವಾಪಸ್ಸು ಬರದ ಎತ್ತಿನ ಗಾಡಿ. ತಡೆಯಾಜ್ಞೆ, ವಕಾಲತ್ತು, ಪಾಟಿ ಸವಾಲು, ಈ ಮಾತುಗಳೆಲ್ಲ ನನಗೆ ಬಂದದ್ದು ಆ ಬೆಂಚಿನ ಮೇಲೆ.

ಒಂದು ದಿನ ನಮ್ಮ ಕೇಸಿನಲ್ಲಿ ನಿಜವಾಗಿಯೇ ವಾದ ನಡೆಯಿತು. ಮರವನ್ನು ಕೊಟ್ಟರೆ ಅದರ ಬೇರು ನಿಂತ ನೆಲವೂ ಬಂತೇ ಎಂಬುದರ ಮೇಲೆ ಇಬ್ಬರು ವಕೀಲರು ಅರ್ಧ ಗಂಟೆ ಮಾತಾಡಿದರು. ಒಬ್ಬರು ಹೇಳುವಾಗ ಅದೇ ಸರಿ ಅನ್ನಿಸುತ್ತಿತ್ತು. ಇನ್ನೊಬ್ಬರು ಎದ್ದು ನಿಂತರೆ ಅದೂ ಸರಿ ಅನ್ನಿಸುತ್ತಿತ್ತು. ನ್ಯಾಯಾಧೀಶರು ನಡುವೆ ಒಂದು ಸಣ್ಣ ಪ್ರಶ್ನೆ ಕೇಳಿದರೆ ಇಬ್ಬರೂ ತಡವರಿಸುತ್ತಿದ್ದರು. ಯಾರ ಮಾತನ್ನೂ ಯಾರೂ ‘ಹೂಂ’ ಎಂದು ಒಪ್ಪಿಕೊಳ್ಳದ ಜಾಗವೊಂದು ಇದೆ, ಮತ್ತು ಅಲ್ಲಿ ಅದಕ್ಕೆ ಒಂದು ಮರ್ಯಾದೆ ಇದೆ ಎಂಬುದು ನನಗೆ ಹೊಸದಾಗಿತ್ತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ನಿದ್ದೆ ಹೋದರು. ನಾನು ಕಿಟಕಿ ಪಕ್ಕ ಕೂತು ಎರಡೂ ಕಡೆಯ ವಾದ ಒಬ್ಬಳೇ ಮಾಡುತ್ತಾ ಬಂದೆ. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು.

ಮಗ ಹಾಸ್ಟೆಲ್ ಸೇರಿ ಮನೆ ಖಾಲಿಯಾಗಿದ್ದ ವರ್ಷ ಅದು. ‘ನಾನು ಎಲ್‌ಎಲ್‌ಬಿ ಓದ್ತೀನಿ’ ಎಂದೆ. ಗಂಡ ಪತ್ರಿಕೆ ಕೆಳಗಿಟ್ಟು, ‘ಓದು. ಮೊದಲನೇ ಕೇಸು ನನ್ನ ಮೇಲೇ ಹಾಕಬೇಡ ಅಷ್ಟೇ’ ಎಂದರು. ಅತ್ತೆಯ ಸಂಭ್ರಮ ಹೇಳತೀರದು. ‘ಲಾಯರ್ನ ಕಾಯಾಕೆ ಜಗಳೂರಿಗೆ ಹೋಗೋದು ತಪ್ತು ಬಿಡು. ಇನ್ನು ಅಡಿಗೆಮನೇಲೇ ಕೇಳ್ಬಹುದು’ ಎಂದು ಅಕ್ಕಪಕ್ಕದವರಿಗೆಲ್ಲ ಸುದ್ದಿ ಮುಟ್ಟಿಸಿದರು. ಬಿಳಿ ಕೋಟು ಬಿಟ್ಟು ಕರಿ ಕೋಟಾ ಎನ್ನುವ ಮಾತನ್ನು ಹೊನ್ನಾಳಿಯಲ್ಲಿ ಹೇಳದವರೇ ಇರಲಿಲ್ಲ. ಪ್ರತಿಯೊಬ್ಬರೂ ತಾವೇ ಮೊದಲು ಹೇಳಿದವರಂತೆ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಒಪ್ಪಿಗೆ ಕೇಳಬೇಕಾದವರು ಇನ್ನೊಬ್ಬರಿದ್ದರು. ಚನ್ನಗಿರಿಯಲ್ಲಿರುವ ನನ್ನ ಅಪ್ಪ. ಕತ್ತಲಗೆರೆ ಕಡೆಯ ಶಾಲೆಗಳಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾಗಿ, ಈಗ ನನ್ನ ತಮ್ಮನ ಮನೆಯಲ್ಲಿ ಮೊಮ್ಮಕ್ಕಳಿಗೆ ಮಗ್ಗಿ ಹೇಳಿಸುತ್ತಾ ಇದ್ದಾರೆ. ನಮ್ಮ ಕಡೆಯ ಮೊದಲ ಡಾಕ್ಟರ್ ನಾನು. ನನ್ನ ಕ್ಲಿನಿಕ್ಕಿನ ಬೋರ್ಡನ್ನು ಮೊದಲ ಸಲ ನೋಡಿದಾಗ ಅವರು ಚಪ್ಪಲಿ ಬಿಟ್ಟು ಒಳಗೆ ಬಂದಿದ್ದರು. ಬೇಸರ ಮಾಡಿಕೊಳ್ಳುತ್ತಾರೆ ಎಂದೇ ಹೆದರಿ ಹೋದೆ. ಅವರು ಎಲ್ಲ ಕೇಳಿಸಿಕೊಂಡರು.

‘ಡಾಕ್ಟರ್ ಓದಿದ್ದು ಮರ್ತು ಹೋಗುತ್ತೇನವ್ವಾ?’

‘ಇಲ್ಲಪ್ಪ. ಅದೆಲ್ಲಿಗೆ ಹೋಗುತ್ತೆ.’

‘ಹಂಗಾದ್ರೆ ನಷ್ಟ ಏನೈತೆ? ಒಂದು ತರಗತಿ ಮುಗೀತು, ಇನ್ನೊಂದಕ್ಕೆ ಹೋಗು. ಪುಸ್ತಕ ತಗೊಂಡ್ರೆ ನನಗೂ ಒಂದು ಪ್ರತಿ ತಾ. ಸಂವಿಧಾನ ನಾನು ಪೂರ್ತಿ ಓದಿಲ್ಲ.’

ದಾವಣಗೆರೆಯ ಒಂದು ಕಾಲೇಜಿಗೆ ಸೇರಿದೆ. ತರಗತಿ ಬೆಳಿಗ್ಗೆ ಬೇಗ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಹೊನ್ನಾಳಿಯಿಂದ ಮೊದಲ ಬಸ್ಸಿಗೆ ಹೋಗಿ, ಮಧ್ಯಾಹ್ನ ಅಲ್ಲಿಂದ ಹೊರಟು ನ್ಯಾಮತಿ ತಲುಪಿ, ಸಂಜೆಯ ಕ್ಲಿನಿಕ್ ಮಾತ್ರ ನಡೆಸುವುದು ಎಂದು ಲೆಕ್ಕ ಹಾಕಿಕೊಂಡೆ. ಬೆಳಗಿನ ತಿಂಡಿಯ ಹೊಣೆ ಗಂಡನ ಪಾಲಿಗೆ ಹೋಯಿತು. ಅವರಿಗೆ ಉಪ್ಪಿಟ್ಟು ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಉಪ್ಪಿಟ್ಟು ತಿಂದೇ ಆ ಓದು ಮುಗಿಸಿದೆ ಎಂದರೆ ತಪ್ಪಿಲ್ಲ.

ಮೊದಲ ದಿನ ಕೊನೆಯ ಬೆಂಚಿನಲ್ಲಿ ಹೋಗಿ ಕೂತೆ. ಮಕ್ಕಳ ವಯಸ್ಸಿನವರ ನಡುವೆ ಏನು ಮಾತಾಡುವುದು ಎಂದು ತೋಚದೆ ಪುಸ್ತಕ ತಿರುವುತ್ತಿದ್ದೆ. ಪಕ್ಕದಲ್ಲಿ ಕೂತ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

‘ಮೇಡಂ, ನೀವು ನ್ಯಾಮತಿ ಡಾಕ್ಟರ್ ಅಲ್ವಾ? ಚಿಕ್ಕೋಳಿದ್ದಾಗ ನನಗೆ ಇಂಜೆಕ್ಷನ್ ಹಾಕಾಕೆ ಬಂದಿದ್ರಿ. ನಾನು ನಿಮ್ಮ ಕೈ ಕಚ್ಚಿದ್ದೆ.’

ಕಚ್ಚಿದ ಮಕ್ಕಳು ಬಹಳ, ಇವಳ ಹಲ್ಲು ಯಾವುದೆಂದು ನೆನಪಿರಲಿಲ್ಲ. ಆದರೆ ಅವತ್ತಿನಿಂದ ಅವಳೇ ನನ್ನ ಗೆಳತಿ. ಬಸ್ಸಿನಲ್ಲಿ ಅವಳು ಸೀಟು ಹಿಡಿಯುತ್ತಿದ್ದಳು, ನಾನು ಬುತ್ತಿ ಬಿಚ್ಚುತ್ತಿದ್ದೆ. ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿಕೊಳ್ಳುವುದು. ‘ಮೇಡಂ’ ಬಿಡು, ‘ಅಕ್ಕ’ ಅನ್ನು ಎಂದರೆ, ‘ಆಯ್ತು ಮೇಡಂ ಅಕ್ಕ’ ಎಂದಳು. ಇಡೀ ತರಗತಿಗೆ ನಾನು ಮೇಡಂ ಅಕ್ಕ ಆದೆ.

ಮೊದಲ ಕಿರು ಪರೀಕ್ಷೆಯಲ್ಲಿ ನಾನು ಚೆನ್ನಾಗಿ ಬರೆದಿದ್ದೇನೆ ಎಂದುಕೊಂಡಿದ್ದೆ. ಉತ್ತರ ಪತ್ರಿಕೆ ವಾಪಸ್ಸು ಬಂತು. ಅಂಕ ಇರಲಿಲ್ಲ. ಮೇಲೆ ಕೆಂಪು ಶಾಯಿಯಲ್ಲಿ ಮೇಷ್ಟ್ರು ಬರೆದಿದ್ದರು: ‘ಕನ್ನಡ, ಇಂಗ್ಲಿಷ್ ಎರಡರಲ್ಲಿ ಯಾವುದರಲ್ಲಾದರೂ ಬರೆಯಬಹುದು. ಇದು ಯಾವುದು?’

ನಾನು ಬರೆದದ್ದು ಕನ್ನಡದಲ್ಲಿ. ಇಪ್ಪತ್ತು ವರ್ಷ ಔಷಧಿ ಅಂಗಡಿಯವನಿಗೆ ಮಾತ್ರ ತಿಳಿಯುವಂತೆ ಬರೆದ ಕೈ ಅದು. ಆ ಭಾನುವಾರ ಚನ್ನಗಿರಿಗೆ ಹೋದಾಗ ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿ, ಮೊಮ್ಮಗನನ್ನು ಕರೆದು ಅವನ ಕಾಪಿ ಪುಸ್ತಕ ತರಿಸಿದರು. ‘ಕೂತ್ಕೋ’ ಎಂದರು. ಎರಡು ಗೆರೆಯ ನಡುವೆ ಅ ಆ ಇ ಈಯಿಂದ ಶುರು. ಪಕ್ಕದಲ್ಲಿ ನನ್ನ ತಮ್ಮನ ಮಗ, ಎರಡನೇ ಕ್ಲಾಸು, ‘ಅತ್ತೆ, ಕೊಂಬು ಗೆರೆ ದಾಟೈತೆ’ ಎಂದು ನನ್ನ ತಪ್ಪು ಹಿಡಿಯುತ್ತಿದ್ದ. ಆ ವರ್ಷದ ಭಾನುವಾರಗಳೆಲ್ಲ ಹಾಗೇ ಹೋದವು. ಮುಂದಿನ ಪರೀಕ್ಷೆಯಲ್ಲಿ ಕಾಲೇಜಿನ ಮೇಷ್ಟ್ರು ಪೂರ್ತಿ ಓದಿ ಪಾಸು ಮಾಡಿದರು. ಅಪ್ಪ ಅಷ್ಟರಲ್ಲಿ ಸಂವಿಧಾನ ಮುಗಿಸಿ, ಒಪ್ಪಂದ ಕಾಯ್ದೆಗೆ ಕೈ ಹಾಕಿದ್ದರು. ನನಗಿಂತ ಒಂದು ಅಧ್ಯಾಯ ಮುಂದೆ ಇದ್ದು ಪ್ರಶ್ನೆ ಕೇಳುವುದು ಅವರ ಸಂತೋಷ.

ಎರಡನೇ ವರ್ಷ ಆಸ್ತಿಯ ಕಾನೂನು ಬಂತು. ಒಂದು ಬೆಳಿಗ್ಗೆ ಮೇಷ್ಟ್ರು ಪಾಠ ಮಾಡುತ್ತಿದ್ದರು: ನೆಲವನ್ನು ದಾನ ಕೊಡಬೇಕಾದರೆ ಬರವಣಿಗೆ ಬೇಕು, ನೋಂದಣಿ ಬೇಕು, ಬರಿ ಬಾಯಿಮಾತು ನಿಲ್ಲುವುದಿಲ್ಲ. ನನ್ನ ಕೈಯ ಪೆನ್ನು ನಿಂತಿತು. ಇಷ್ಟು ವರ್ಷದ ಅತ್ತೆಯ ದಾವೆಗೆ ಕಾಲೇ ಇರಲಿಲ್ಲ! ಆದರೆ ಮುಂದಿನ ವಾರವೇ ಇನ್ನೊಂದು ಪಾಠ: ಅಪ್ಪನ ಆಸ್ತಿಯಲ್ಲಿ ಮಗಳಿಗೂ ಪಾಲಿದೆ. ಅತ್ತೆ ಕೇಳಬೇಕಾದದ್ದು ಅರಿಶಿನ ಕುಂಕುಮದ ತೋಪನ್ನಲ್ಲ, ಪಾಲನ್ನು. ಹಾಗೆ ಕೇಳಿದ್ದರೆ ತೋಪಿಗಿಂತ ಹೆಚ್ಚೇ ಬರುತ್ತಿತ್ತು.

ಮನೆಗೆ ಬಂದು ಅಡಿಗೆಮನೆಯಲ್ಲಿ ಅತ್ತೆಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

‘ಅದು ಗೊತ್ತೈತಮ್ಮ. ನಮ್ಮ ಲಾಯರೂ ಹೇಳಿದ್ರು.’

‘ಮತ್ತೆ ಯಾಕೆ ಕೇಳಲಿಲ್ಲ ಅತ್ತೆ?’

‘ಪಾಲು ಕೇಳಿದ್ರೆ ತಮ್ಮನ ಹತ್ರ ಕಿತ್ಕೊಂಡಂಗೆ. ನಾನು ಯಾಕೆ ಅವನ ಹತ್ರ ಕಿತ್ಕಳ್ಳಿ? ಅಪ್ಪ ಕೈಯಾರೆ ಕೊಟ್ಟಿದ್ದು ಅದು. ಕೊಟ್ಟಿಲ್ಲ ಅಂತಾನಲ್ಲ, ಅದಕ್ಕೆ ಹೊಟ್ಟೆ ಉರಿತೈತೆ. ನೆಲ ಯಾರಿಗೆ ಬೇಕು? ಈ ವಯಸ್ಸಿನಾಗೆ ನಾನೇನು ಹುಣಸೆ ಮರ ಹತ್ತಾಕೆ ಹೋಗ್ತೀನಾ?’

ಪುಸ್ತಕದಲ್ಲಿ ಇದಕ್ಕೆ ಕಲಮು ಇರಲಿಲ್ಲ. ಅವರು ತಟ್ಟಿದ ರೊಟ್ಟಿ ನಾನು ಬೇಯಿಸಿದೆ.

ಮುಂದಿನ ವಾಯಿದೆಗೆ ಜಗಳೂರಿಗೆ ಹೋದಾಗ ನ್ಯಾಯಾಧೀಶರು ರಜೆಯಲ್ಲಿದ್ದರು. ಬೇವಿನ ಮರದ ಕೆಳಗೆ ಮೂವರೇ ಊಟಕ್ಕೆ ಕೂತೆವು. ರೋಗಿ ಬಂದರೆ ನಾವು ಮೊದಲು ಮಾಡುವ ಕೆಲಸ ಒಂದೇ: ಏನಾಯಿತು, ಯಾವಾಗ ಆಯಿತು, ಅವರ ಮಾತಿನಲ್ಲೇ ಹೇಳಲಿ ಎಂದು ಬಿಡುವುದು. ಈ ಅಕ್ಕತಮ್ಮನನ್ನು ನಾನು ಒಂದು ದಿನವೂ ಹಾಗೆ ಕೇಳಿರಲಿಲ್ಲ ಎಂದು ಹೊಳೆಯಿತು.

‘ಅತ್ತೆ, ತೋಪು ಕೊಡೋವಾಗ ನಿಮ್ಮಪ್ಪ ಏನಂದ್ರು? ಅವರು ಹೇಳಿದ ಮಾತೇ ಹೇಳಿ.’

ಅತ್ತೆ ತುತ್ತು ಕೆಳಗಿಟ್ಟರು. ‘ಗಂಡನ ಮನೆಗೆ ಹೊರಟು ನಿಂತಿದ್ದೆ. ಅಪ್ಪ ತೋಪಿನ ಕಡೆ ಕೈ ತೋರ್ಸಿ, “ಇದು ನಿನ್ನ ಅರಿಶಿನ ಕುಂಕುಮಕ್ಕೆ ಕಣವ್ವಾ. ನಾನು ಇರ್ಲಿ ಬಿಡ್ಲಿ, ಹುಣಸೆ ಹಣ್ಣಿಗೆ ನೀನು ತವರಿಗೆ ಬರ್ಬೇಕು” ಅಂದ್ರು.’

‘ಮಾವ, ನಿಮಗೇನಂದ್ರು?’

‘ಕೊನೆಗಾಲದಾಗೆ ಹಾಸಿಗೆ ಹಿಡಿದಿದ್ರು. ಕೈ ಹಿಡ್ಕಂಡು, “ತೋಪು ಬಿಡ್ಬೇಡ ಕಣೋ. ತೋಪು ಹೋದ್ರೆ ನಿಮ್ಮಕ್ಕ ಬರೋದು ನಿಂತು ಹೋಗ್ತೈತೆ” ಅಂದ್ರು. ಅದಕ್ಕೇ ನಾನು ಬಿಡ್ಲಿಲ್ಲ. ಅಕ್ಕನ ಹೆಸ್ರಿಗೆ ಮಾಡಿ, ನಾಳೆ ಭಾವ ಮಾರಿಬಿಟ್ರೆ?’

ಭಾವ ಎಂದರೆ ಅತ್ತೆಯ ಗಂಡ, ಈಗ ತೀರಿಹೋಗಿರುವ ನನ್ನ ಮಾವನವರು. ಮಾರುವ ಆಳೇ ಆಗಿದ್ದರು ಎಂದು ಅತ್ತೆ ಒಪ್ಪಿಕೊಂಡರು. ಆಮೇಲೆ ತಮ್ಮನನ್ನು ನೋಡಿ, ‘ಅಪ್ಪ ನಿನಗೆ ಹಂಗಂದಿದ್ದು ಇಷ್ಟು ವರ್ಷ ಯಾಕೋ ಹೇಳಲಿಲ್ಲ?’ ಎಂದರು.

‘ನೀನು ಕೇಳ್ಲಿಲ್ಲವಲ್ಲಕ್ಕ. ನೇರ ನೋಟೀಸೇ ಕಳ್ಸಿದ್ಯಲ್ಲ.’

ಇಬ್ಬರೂ ನಕ್ಕರು. ನಗುತ್ತಾ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವ ಮಾತ್ರ ತಟ್ಟೆಯ ಮೇಲೆ ಬಗ್ಗಿ ರೊಟ್ಟಿ ಮುರಿಯುತ್ತಲೇ ಇದ್ದರು.

ಮುಂದಿನ ಲೋಕ ಅದಾಲತ್ತಿನಲ್ಲಿ ರಾಜಿ ಆಯಿತು. ತೋಪು ಇಬ್ಬರ ಹೆಸರಿಗೆ, ನೋಡಿಕೊಳ್ಳುವುದು ತಮ್ಮ, ಹಣ್ಣಿನಲ್ಲಿ ಅರ್ಧ ಅಕ್ಕನಿಗೆ. ಇಷ್ಟೂ ಬರೆದಾದ ಮೇಲೆ ಅತ್ತೆ ಇನ್ನೂ ಒಂದು ಬರೆಸಬೇಕು ಎಂದರು. ತೋಪನ್ನು ಅಪ್ಪ ಕೈಯಾರೆ ಅಕ್ಕನಿಗೆ ಕೊಟ್ಟಿದ್ದು ನಿಜ ಅಂತ ತಮ್ಮ ಒಪ್ಪಬೇಕು. ಮಾವನೂ ಒಂದು ಬರೆಸಬೇಕು ಎಂದರು. ವರ್ಷಕ್ಕೊಮ್ಮೆ ಹಣ್ಣು ಬಡಿಯುವಾಗ ಅಕ್ಕ ಖುದ್ದಾಗಿ ಬಂದು ಮನೆಯಲ್ಲಿ ಉಳಿಯಬೇಕು. ವಕೀಲರು, ‘ಇದೆಲ್ಲ ರಾಜಿ ಪತ್ರದಲ್ಲಿ ಬರೆಯೋಕೆ ಬರಲ್ಲ ಅಜ್ಜಿ’ ಎಂದರು. ಕೂತಿದ್ದ ನ್ಯಾಯಾಧೀಶರು, ‘ಇರಲಿ ಬಿಡಿ, ಬರೀರಿ’ ಎಂದರು. ಅತ್ತೆ ಹೆಬ್ಬೆಟ್ಟು ಒತ್ತಲಿಲ್ಲ. ಮೊಮ್ಮಗನಿಂದ ಕಲಿತಿದ್ದ ಸಹಿ ಮಾಡಿದರು. ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಕ್ಯಾಲೆಂಡರ್ ನೋಡುತ್ತಾ, ‘ಈ ತಿಂಗಳು ವಾಯಿದೆ ಇಲ್ವಾ?’ ಎಂದು ಸಪ್ಪಗೆ ಕೇಳಿದರು. ಗಂಡ ಅವರನ್ನು ಕರೆದುಕೊಂಡು ಹೋಗಿ ಒಂದು ವಾರ ತವರಿನಲ್ಲಿ ಬಿಟ್ಟು ಬಂದರು.

ನನ್ನ ಕೊನೆಯ ವರ್ಷದ ಹೊತ್ತಿಗೆ ದೇಶದ ಕ್ರಿಮಿನಲ್ ಕಾನೂನುಗಳೇ ಬದಲಾದವು. ಕಂಠಪಾಠ ಮಾಡಿದ್ದ ಕಲಮುಗಳ ನಂಬರೆಲ್ಲ ಹೊಸದು. ಹುಡುಗರು ತಲೆ ಮೇಲೆ ಕೈ ಹೊತ್ತು ಕೂತರು. ನನಗೆ ಒಳಗೊಳಗೇ ಖುಷಿ. ಇಪ್ಪತ್ತು ವರ್ಷ ವಕೀಲಿ ಮಾಡಿದವರೂ ಈಗ ನನ್ನ ಹಾಗೆಯೇ ಪುಸ್ತಕ ತೆರೆದು ನೋಡಬೇಕಿತ್ತು.

ನಿಜವಾದ ತೊಡಕು ಬೇರೆ ಇತ್ತು. ವಕೀಲರಾಗಿ ನೋಂದಾಯಿಸಿಕೊಂಡವರು ಇನ್ನೊಂದು ವೃತ್ತಿ ನಡೆಸುವಂತಿಲ್ಲ ಎಂದು ವೃತ್ತಿ ನೀತಿಯ ಪಾಠದಲ್ಲಿ ಮೇಷ್ಟ್ರು ಹೇಳಿದಾಗ, ಇಡೀ ತರಗತಿ ತಿರುಗಿ ನನ್ನನ್ನು ನೋಡಿತು. ಬೆಳಿಗ್ಗೆ ಕೋರ್ಟು, ಸಂಜೆ ಕ್ಲಿನಿಕ್ ಎಂದು ನಾನು ಕನಸು ಕಂಡಿದ್ದೆ. ಹಾಗಾಗುವುದಿಲ್ಲ, ಕ್ಲಿನಿಕ್ ಬಿಡಲೇಬೇಕು. ಪದವಿ ಕೈಗೆ ಬಂದು ತಿಂಗಳುಗಳು ಹೋದರೂ ನಾನು ಅರ್ಜಿ ಹಾಕಲಿಲ್ಲ. ನ್ಯಾಮತಿಯ ಆ ಎರಡು ಕೋಣೆ ಬಿಡಲು ಮನಸ್ಸಾಗುತ್ತಿರಲಿಲ್ಲ. ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗಳಿಗೆ ಎಷ್ಟನೇ ಹೆರಿಗೆ, ಯಾರು ಮಾತ್ರೆ ನುಂಗದೆ ಬಚ್ಚಿಡುತ್ತಾರೆ, ಎಲ್ಲ ನನಗೆ ಗೊತ್ತು. ನಾನಿಲ್ಲದೆ ಇವರ ಗತಿ ಏನು ಎಂದು ನಾನೇ ಅಂದುಕೊಂಡುಬಿಟ್ಟಿದ್ದೆ.

ಅದೇ ಊರಿನ ಒಬ್ಬ ಹುಡುಗ ಆಗಷ್ಟೇ ಎಂ.ಬಿ.ಬಿ.ಎಸ್. ಮುಗಿಸಿ ಬಂದಿದ್ದ. ‘ಒಂದು ತಿಂಗಳು ಕೂತು ನೋಡಪ್ಪ’ ಎಂದು ಅವನಿಗೆ ಕ್ಲಿನಿಕ್ ಬಿಟ್ಟುಕೊಟ್ಟು ನಾನು ಮನೆಯಲ್ಲಿ ಕೂತೆ. ಎರಡನೇ ವಾರ ತಡೆಯಲಾಗದೆ ನೋಡಲು ಹೋದೆ. ಹೊರಗೆ ಜಗಲಿ ತುಂಬಾ ಜನ. ನನ್ನ ಬಹಳ ವರ್ಷದ ರೋಗಿ, ಮಂಡಿನೋವಿನ ಅಜ್ಜಿಯೊಬ್ಬರು ಅಲ್ಲೇ ಕೂತಿದ್ದರು.

‘ಹೆಂಗಿದಾನಜ್ಜಿ ಹೊಸ ಡಾಕ್ಟರು?’ ಎಂದೆ.

‘ಬಂಗಾರದಂಥ ಹುಡುಗ ಕಣಮ್ಮ. ಕೈ ಹಿಡಿದು ನೋಡ್ತಾನೆ, ಮಾತಾಡ್ತಾನೆ. ನಿಮ್ಮಂಗೆ ಕಾನೂನು ಪುಸ್ತಕ ಓದ್ಕಂತ ಕೂರಲ್ಲ.’

ಒಂದು ಕ್ಷಣ ಮುಖ ಸಣ್ಣದಾಯಿತು, ಸುಳ್ಳೇಕೆ ಹೇಳಲಿ. ಮರುಕ್ಷಣ ಅದೇ ಜಗಲಿಯ ಮೇಲೆ ಕೂತು ಅಜ್ಜಿಯ ಜೊತೆ ಜೋರಾಗಿ ನಕ್ಕುಬಿಟ್ಟೆ. ಅವತ್ತೇ ಹುಡುಗನ ಕೈಗೆ ಬೀಗದ ಕೈ ಕೊಟ್ಟೆ. ಆ ವಾರವೇ ನೋಂದಣಿಗೆ ಅರ್ಜಿ ಹಾಕಿದೆ.

ಈಗ ಹೊನ್ನಾಳಿಯ ಕೋರ್ಟಿನಲ್ಲಿ ಒಬ್ಬ ಹಿರಿಯ ವಕೀಲೆಯ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ. ನನಗಿಂತ ಆರು ವರ್ಷ ಚಿಕ್ಕವರು, ನನಗೆ ‘ಡಾಕ್ಟ್ರೇ’ ಎನ್ನುತ್ತಾರೆ. ನಾನು ಅವರಿಗೆ ‘ಮೇಡಂ’ ಎನ್ನುತ್ತೇನೆ. ಮೊದಲ ತಿಂಗಳುಗಳೆಲ್ಲ ಫೈಲು ಹೊರುವುದು, ವಾಯಿದೆ ಬರೆದುಕೊಳ್ಳುವುದು. ಒಂದು ದಿನ ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ಅವರು, ‘ಮೂಳೆ ಡಾಕ್ಟರ್ ಸಾಕ್ಷಿ ಐತೆ. ನೀವೇ ಕೇಳ್ರಿ’ ಎಂದರು.

ಕೇಸು ನಾಟಿ ಕೆಲಸಕ್ಕೆ ಹೋಗುವ ಒಬ್ಬ ಹೆಂಗಸಿನದು. ಬೈಕು ಗುದ್ದಿ ಮಂಡಿ ಮುರಿದು, ಆಪರೇಷನ್ ಆಗಿ, ಮೂಳೆ ಕೂಡಿಕೊಂಡಿತ್ತು. ವಿಮೆ ಕಂಪನಿಯ ವಕೀಲರು ಎಕ್ಸ್-ರೇ ಎತ್ತಿ ಹಿಡಿದು, ಎಲ್ಲ ಸರಿಹೋಗಿದೆ, ನಡೆದಾಡುತ್ತಾರೆ ಎಂದು ಕೂತರು. ನಾನು ಎದ್ದೆ. ಸಾಕ್ಷಿ ಕಟ್ಟೆಯಲ್ಲಿದ್ದ ಡಾಕ್ಟರು ನನ್ನನ್ನು ಗುರುತು ಹಿಡಿದು ಕಣ್ಣಲ್ಲೇ ನಮಸ್ಕಾರ ಮಾಡಿದರು.

‘ಡಾಕ್ಟ್ರೇ, ಈ ಮಂಡಿ ಎಷ್ಟು ಮಡಚುತ್ತೆ?’

ಅವರು ಮಡಚುವ ಕೋನ ಹೇಳಿದರು.

‘ಅಷ್ಟು ಮಡಚಿದರೆ ಇವರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂರಬಹುದಾ?’

‘ಇಲ್ಲ.’

‘ಕೆಸರಿನಲ್ಲಿ ಬಗ್ಗಿ ದಿನವಿಡೀ ನಾಟಿ ಹಾಕಬಹುದಾ?’

ಅವರು ಎಕ್ಸ್-ರೇ ಇನ್ನೊಮ್ಮೆ ನೋಡಿದರು. ನಂತರ ನ್ಯಾಯಾಧೀಶರ ಕಡೆ ತಿರುಗಿ, ‘ಆಗುವುದಿಲ್ಲ. ಹಾಗೆ ಕೇಳಿದರೆ, ಇನ್ನು ಯಾವತ್ತೂ ಆಗುವುದಿಲ್ಲ’ ಎಂದರು.

ನ್ಯಾಯಾಧೀಶರು ಅದನ್ನು ಬರೆಸಿಕೊಂಡರು. ವಿಮೆ ಕಂಪನಿಯ ವಕೀಲರು ಎದ್ದು ನನ್ನ ಪ್ರಶ್ನೆಗೆ ಆಕ್ಷೇಪಣೆ ಎತ್ತಿದರು, ನಾನು ಉತ್ತರ ಕೊಟ್ಟೆ, ಅವರು ಮತ್ತೆ ಎದ್ದರು, ನಾನು ಮತ್ತೆ ಎದ್ದೆ. ಎಷ್ಟು ಚೆನ್ನಾಗಿತ್ತು ಎಂದರೆ, ಮೇಡಂ ಹಿಂದಿನಿಂದ ನನ್ನ ಕೋಟು ಜಗ್ಗಿ, ‘ಸಾಕು ಕೂತ್ಕಳ್ರಿ ಡಾಕ್ಟ್ರೇ, ಗೆದ್ದಾಯ್ತು’ ಎಂದು ಪಿಸುಗುಟ್ಟಬೇಕಾಯಿತು.

ಕೆಲವು ವಾರಕ್ಕೆ ತೀರ್ಪು ನಮ್ಮ ಕಡೆಗೇ ಬಂತು. ಆ ಹೆಂಗಸು ಹೊರಗೆ ಮೆಟ್ಟಿಲ ಹತ್ತಿರ ಕಾದಿದ್ದರು. ಜೊತೆಗೆ ಗಂಡ, ಕಂಕುಳಲ್ಲಿ ಮೊಮ್ಮಗಳು. ಪರಿಹಾರದ ದುಡ್ಡಿನಲ್ಲಿ ಒಂದು ಸಣ್ಣ ಅಂಗಡಿ ಇಡುವ ಯೋಚನೆ ಇದೆಯೆಂದು ಹೇಳಿದರು. ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂರಬಹುದಲ್ಲ. ನಾನು ಖುಷಿಯಿಂದ ಬೀಗುತ್ತಾ, ಮೇಲ್ಮನವಿಯ ಗಡುವು, ಬ್ಯಾಂಕಿನ ಕಾಗದ ಪತ್ರ ಎಲ್ಲ ವಿವರವಾಗಿ ಹೇಳತೊಡಗಿದೆ. ಅವರು ಪೂರ್ತಿ ಕೇಳಿಸಿಕೊಂಡು ತಲೆಯಾಡಿಸಿದರು. ಆಮೇಲೆ ಮೊಮ್ಮಗಳನ್ನು ನನ್ನ ಮುಂದೆ ಹಿಡಿದರು.

‘ಅದಿರ್ಲಿ ಮೇಡಂ, ಇದಕ್ಕೆ ಮೂರು ದಿವಸದಿಂದ ಕೆಮ್ಮು. ಒಂದೀಟು ನೋಡ್ರಿ.’

‘ನಾನು ಈಗ ನೋಡೋ ಹಾಗಿಲ್ಲಮ್ಮ, ಅದಕ್ಕೆ ಕಾನೂನು ಐತೆ’ ಎಂದು ನ್ಯಾಮತಿಯ ಹುಡುಗನ ವಿಳಾಸ ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ. ಡಾಕ್ಟರು ಕೆಮ್ಮು ನೋಡಬಾರದು ಎನ್ನುವ ಕಾನೂನು ಯಾವ ಲೋಕದಲ್ಲಿದೆ ಎಂದು ಗಂಡ ಹೆಂಡತಿ ನನ್ನ ಜೊತೆ ಮೆಟ್ಟಿಲ ಮೇಲೆ ನಿಂತು ಬಹಳ ಹೊತ್ತು ವಾದ ಮಾಡಿದರು. ನಾನೂ ಬಿಡಲಿಲ್ಲ.